ಮೈಕಿನಲ್ಲಿ ಕೂಗಿದ ಹೆಸರು

ಹೂಸ್ಟನ್
ಸೆಪ್ಟೆಂಬರ್ 8

ಕ್ರೆಸೆನ್ಸಿಯಾ ಅಕ್ಕನಿಗೆ,

ಅಮ್ಮನನ್ನು ಮಣ್ಣು ಮಾಡಿದ ದಿನದಿಂದ ನಾನು ನಿನಗೆ ಫೋನ್ ಮಾಡಿಲ್ಲ, ನೀನೂ ಮಾಡಿಲ್ಲ. ಈಗಲೂ ಮಾಡುವುದಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಕಿರುಚುತ್ತೇನೆ, ನೀನು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲಾಗದು. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ನೀನು ಓದಿಯೇ ಓದುತ್ತೀಯ. ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ?

ವಿಷಯ ಇಷ್ಟೇ. ನನ್ನ ಕಾಗದಪತ್ರ ಆಯಿತು. ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಆಗಸ್ಟ್ ಹದಿನೆಂಟಕ್ಕೆ, ಈ ದೇಶದಲ್ಲಿ ಕಾಯಂ ಇರಬಹುದೆಂಬ ಕಾರ್ಡು ಕೈಗೆ ಬಂತು. ಇನ್ನು ನಾನು ಗಡಿಹೊಳೆಯ ಸೇತುವೆ ದಾಟಿ ಆ ಕಡೆಗೆ ಬರಬಹುದು, ಮತ್ತೆ ಈ ಕಡೆಗೆ ವಾಪಸ್ಸಾಗಬಹುದು, ಯಾರೂ ತಡೆಯುವಂತಿಲ್ಲ. ಅಮ್ಮ ಇನ್ನೊಂದು ಎಂಟು ತಿಂಗಳು ತಡೆದಿದ್ದರೆ ಸಾಕಿತ್ತು. ಆ ಕಾರ್ಡು ಹಿಡಿದುಕೊಂಡು ಕೆಲಸದ ಬೇಕರಿಯ ಹಿಂಬದಿಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತು ಅತ್ತೆ. ಸಂತೋಷಕ್ಕೆ ಅಂತ ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು.

ಡಿಸೆಂಬರ್ ಹದಿನಾರಕ್ಕೆ ಅಮ್ಮನ ವರ್ಷದ ಪೂಜೆ. ಅವತ್ತು ಮರದ ಶಿಲುಬೆ ತೆಗೆದು ಸಮಾಧಿಗೆ ಕಾಯಂ ಶಿಲುಬೆ ನಿಲ್ಲಿಸಬೇಕು. ಅದನ್ನು ತರುವ ಶಿಲುಬೆತಾಯಿ ನಾನೇ ಆಗಬೇಕೆಂದು ಅಮ್ಮ ಪಾದ್ರಿಯ ಎದುರಿಗೆ ಹೇಳಿದ್ದಳು. ನೀನೂ ಪಕ್ಕದಲ್ಲಿದ್ದೆ, ಇಲ್ಲವೆನ್ನಬೇಡ. ಇಲ್ಲೊಬ್ಬ ವೆಲ್ಡರ್ ಹತ್ತಿರ ಕಬ್ಬಿಣದ ಶಿಲುಬೆ ಮಾಡಿಸುತ್ತಿದ್ದೇನೆ. ಬಿಳಿ ಬಣ್ಣ, ನಡುವೆ "ನಿಕಾನೋರಾ" ಎಂದು ಹೆಸರು.

ಪೆಟ್ಟಿಗೆ ಮುಚ್ಚುವ ಮುಂಚೆ ಅಮ್ಮನ ಮುಖ ಒಂದು ಸಲ ಫೋನಿನಲ್ಲಿ ತೋರಿಸು ಎಂದು ನಾನು ಗೋಗರೆದಾಗ ನೀನು ಕಟ್ ಮಾಡಿದೆಯಲ್ಲ, ಅದನ್ನು ನಾನು ಮರೆತಿಲ್ಲ. ಆದರೂ ಬರುತ್ತೇನೆ. ಬರುವುದು ಅಮ್ಮನಿಗಾಗಿ.

ಎಲ್ವಿರಾ


ಸಾನ್ ರೊಮಾನ್
ಅಕ್ಟೋಬರ್ 2

ಎಲ್ವಿರಾಗೆ,

ದೋನ್ ಅಬುಂದಿಯೋನ ಪಾರ್ಸೆಲ್ ವ್ಯಾನಿನಲ್ಲಿ ನಿನ್ನ ಕಾಗದ ಬಂತು, ಜೊತೆಗೆ ಶಾಲು, ಸಾಬೂನು, ಕಾಫಿಪುಡಿ. ಪೆಟ್ಟಿಗೆಯ ಟೇಪನ್ನು ಎರಡು ಸಲ ಕಿತ್ತು ಎರಡು ಸಲ ಅಂಟಿಸಿದ್ದರು. ಲಕೋಟೆಯನ್ನೂ ಬಿಟ್ಟಿಲ್ಲ. ದಾರಿಯಲ್ಲಿ ಯಾರಿಗೋ ಓದುವ ಹವ್ಯಾಸವಿದೆ, ಪಾಪ. ಅವರಿಗೂ ನನ್ನ ನಮಸ್ಕಾರ. ಇನ್ನು ಮುಂದೆ ಅಬುಂದಿಯೋನ ಕೈಲಿ ಕಳಿಸುವ ಕಾಗದದಲ್ಲಿ ಇಡೀ ಊರು ಓದಬಹುದಾದ ಮಾತನ್ನಷ್ಟೇ ಬರೆಯೋಣ. ಆ ಮನುಷ್ಯನಿಗೆ ನಾಲ್ಕು ಮಕ್ಕಳು.

ಶಿಲುಬೆತಾಯಿ ನೀನೇ. ನಾನು ಇಲ್ಲವೆಂದಿಲ್ಲ. ಅಮ್ಮ ಹೇಳಿದ್ದನ್ನು ನಾನು ಯಾವತ್ತು ಮೀರಿದ್ದೇನೆ? ಮೀರಿ ಹೊಳೆ ದಾಟಿದವಳು ನೀನು.

ಮನೆ ಹಾಗೆಯೇ ಇದೆ. ಮಾಳಿಗೆಯ ಮೇಲಿನ ಮೈಕು ಹೋದ ತಿಂಗಳು ಗೊರಗೊರ ಅನ್ನತೊಡಗಿತ್ತು, ರಿಪೇರಿ ಮಾಡಿಸಿದೆ. ಈಗ ಕೆಳಗಿನ ಕೇರಿಯವರೆಗೂ ಸ್ಪಷ್ಟವಾಗಿ ಕೇಳುತ್ತದೆ. ಬೆಳಗಾದರೆ ಊರಿಗೆಲ್ಲ ಕೂಗಿ ಹೇಳುವ ಅದೇ ಕೆಲಸ ನನ್ನದು: ಯಾರ ಮನೆಯಲ್ಲಿ ಹಂದಿ ಕಡಿದಿದ್ದಾರೆ, ಯಾರ ಮೇಕೆ ಕಳೆದಿದೆ, ಯಾರ ಹುಟ್ಟುಹಬ್ಬ. ಮೊನ್ನೆ ಪಾದ್ರಿಯ ಕನ್ನಡಕ ಕಳೆದಾಗಲೂ ನಾನೇ ಕೂಗಿದೆ. ಅದು ಅವರ ತಲೆಯ ಮೇಲೇ ಇತ್ತು.

ದಾರಿಯಲ್ಲಿ ಈ ವರ್ಷ ಧೂಳು ಜಾಸ್ತಿ. ಧೂಳು ಅಂದರೆ ಏನೆಂದು ನಿನಗೆ ಗೊತ್ತು. ಬರುವುದಾದರೆ ಹತ್ತು ಜನರ ಜೊತೆ ಬಾ. ಹೊತ್ತು ಮುಳುಗುವ ಮೊದಲೇ ಊರು ಸೇರು. ಕಿವಿಯಲ್ಲಿ ಚಿನ್ನ ಬೇಡ.

ಆ ಫೋನಿನ ವಿಷಯ ಕಾಗದದಲ್ಲಿ ಬರೆಯುವಂಥದ್ದಲ್ಲ.

ಕ್ರೆಸೆನ್ಸಿಯಾ


ಹೂಸ್ಟನ್
ಅಕ್ಟೋಬರ್ 27

ಅಕ್ಕನಿಗೆ,

ಈ ಕಾಗದ ಅಬುಂದಿಯೋನ ಕೈಲಿಲ್ಲ. ನಿಮ್ಮ ಕಾನ್ವೆಂಟಿನ ಮಾದ್ರೆ ಎದುವಿಹೆಸ್ ಕಣ್ಣಿನ ಆಪರೇಷನ್ನಿಗೆ ಇಲ್ಲಿಗೆ ಬಂದಿದ್ದರು, ಅವರ ಜಪದ ಪುಸ್ತಕದೊಳಗೆ ಇಟ್ಟು ಕಳಿಸುತ್ತಿದ್ದೇನೆ. ಕನ್ಯಾಸ್ತ್ರೀಯ ಚೀಲಕ್ಕೆ ಕೈ ಹಾಕುವಷ್ಟು ಇನ್ನೂ ಕೆಟ್ಟಿಲ್ಲವಂತೆ ಲೋಕ. ಹಾಗಾಗಿ ಬಾಯಿಬಿಟ್ಟು ಬರೆಯುತ್ತೇನೆ.

ನಿನ್ನ "ಧೂಳು" ನನಗೆ ಅರ್ಥವಾಯಿತು ಮಾರಾಯ್ತಿ. ಡ್ರಗ್ಸ್ ಸಾಗಿಸುವವರು ಈಗ ದಾರಿಗೇ ಅಡ್ಡ ನಿಂತಿದ್ದಾರೆ. ಇಲ್ಲಿಂದ ಹಬ್ಬಕ್ಕೆ ಬರುವವರ ಗಾಡಿ ಕಿತ್ತುಕೊಳ್ಳುತ್ತಾರೆ, ಕೆಲವರನ್ನು ಗಾಡಿಯ ಜೊತೆಗೇ ಒಯ್ಯುತ್ತಾರೆ. ಇಲ್ಲಿಯ ಟೀವಿಯಲ್ಲಿ ದಿನಾ ಅದೇ. ಆದರೂ ಡಿಸೆಂಬರ್ ಬಂದರೆ ನಮ್ಮವರು ಮನೆಯಲ್ಲಿ ಕೂರುತ್ತಾರೆಯೇ? ಫ್ರಿಜ್ಜು, ಹಾಸಿಗೆ, ಮಕ್ಕಳ ಸೈಕಲ್ಲು ಎಲ್ಲ ಕಟ್ಟಿಕೊಂಡು ಹೊರಟೇ ಹೊರಡುತ್ತಾರೆ.

ನಾನೂ ಒಂದು ಗಾಡಿ ತೆಗೆದುಕೊಂಡೆ. ಪಿಕಪ್ ಟ್ರಕ್, ಕೆಂಪು. ಹಳೆಯದೇ, ಆದರೆ ಮೈ ತೊಳೆದರೆ ಮದುವಣಗಿತ್ತಿ. ನಗಬೇಡ. ಇಪ್ಪತ್ತೆರಡು ವರ್ಷದ ಮೇಲೆ ಊರಿಗೆ ಬರುವವಳು ಬಸ್ಸಿನಿಂದ ಮೂಟೆ ಹೊತ್ತು ಇಳಿದರೆ ಜನ ಏನೆಂದಾರು? ಶಿಲುಬೆ ಎಂಬತ್ತು ಕಿಲೋ ಇದೆ, ವಿಮಾನದಲ್ಲಿ ಬಾ ಎನ್ನಲೂ ಬೇಡ.

ದೋನ್ ಎಲಿಹಿಯೋ ಎಂಬವರ ಸಾಲಿನಲ್ಲಿ ಸೇರಿಕೊಂಡಿದ್ದೇನೆ. ಪ್ರತಿವರ್ಷ ಹನ್ನೆರಡು ಗಾಡಿ ಒಟ್ಟಿಗೆ ಕರೆತರುತ್ತಾರೆ. ಹೋದ ಭಾನುವಾರ ಚರ್ಚಿನ ಹಿಂದೆ ಎಲ್ಲರನ್ನೂ ನಿಲ್ಲಿಸಿಕೊಂಡು ಪಾಠ ಮಾಡಿದರು.

"ಬೆಳಕು ಹರೀತಿದ್ದಂಗೆ ಸೇತುವೆ ದಾಟ್ಬೇಕು. ನಡುವೆ ಯಾರೂ ನಿಲ್ಸೋ ಹಾಗಿಲ್ಲ. ಉಚ್ಚೆ ಬಂದ್ರೆ ಡಬ್ಬ ಇಟ್ಕೊಳ್ಳಿ. ಯಾರಾದ್ರೂ ಅಡ್ಡ ಹಾಕಿದ್ರೆ ಗಾಜು ಇಳಿಸಿ, ಎರಡೂ ಕೈ ಸ್ಟೇರಿಂಗ್ ಮೇಲೆ. ಫೋನು ಮುಟ್ಬೇಡಿ. ಮುಖ ದಿಟ್ಟಿಸ್ಬೇಡಿ. ಗಾಡಿ ಕೇಳಿದ್ರೆ ಕೀ ಕೊಟ್ಟು ಇಳೀರಿ."

ನಾನು ಕೇಳಿದೆ, "ಶಿಲುಬೆ ಕೇಳಿದ್ರೆ?"

"ಶಿಲುಬೆ ಯಾರು ಕೇಳ್ತಾರಮ್ಮಾ?"

"ಕೇಳಿದ್ರೆ ಕೊಡಲ್ಲ, ಈಗ್ಲೇ ಹೇಳಿದೀನಿ."

ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಹದಿನೇಳನೇ ವಯಸ್ಸಿಗೆ ಕುತ್ತಿಗೆ ಮಟ್ಟದ ನೀರಿನಲ್ಲಿ ಆ ಹೊಳೆ ದಾಟಿದವಳು ನಾನು. ಈ ಪುಂಡರಲ್ಲಿ ಅರ್ಧ ಜನರ ಅಮ್ಮಂದಿರು ನಮ್ಮ ಜೊತೆ ಶಾಲೆಗೆ ಬಂದವರು, ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ ಅವರಿಗೆ. ಅಂಥವರ ಮಕ್ಕಳಿಗೆ ಹೆದರಿ ಅಮ್ಮನ ಶಿಲುಬೆ ಬಿಟ್ಟುಬಿಡಲೇ?

ನಿಜ ಹೇಳಲೇ? ದಾರಿಯ ಭಯ ನನಗಿಲ್ಲ. ಊರು ತಲುಪಿದ ಮೇಲೆ ನೀನು ಬಾಗಿಲಲ್ಲಿ ಹೇಗೆ ನಿಂತಿರುತ್ತೀಯ ಅನ್ನುವುದೇ ಭಯ. "ಬಾ" ಎಂದು ನೀನು ಒಂದು ಸಲವೂ ಬರೆದಿಲ್ಲ.

ಎಲ್ವಿರಾ


ಸಾನ್ ರೊಮಾನ್
ನವೆಂಬರ್ 18

ವಿರಾ,

ಬಾ.

ನೋಡು, ಬರೆದೆ. ಇನ್ನೇನು ಬೇಕು? ಅಬುಂದಿಯೋನ ವ್ಯಾನಿನವರೆಲ್ಲ ಓದಲಿ, ಪರವಾಗಿಲ್ಲ, ಅಕ್ಕ ತಂಗಿಯನ್ನು ಕರೆಯುವುದು ಗುಟ್ಟಿನ ವಿಷಯವಲ್ಲ.

ಇವತ್ತು ನಿನ್ನ ಹೆಸರು ಕೂಗಿದೆ. ಶಿಲುಬೆತಾಯಿ ಯಾರು, ಯಾವತ್ತು ಬರುತ್ತಾಳೆ ಎಂದು ಮೊದಲೇ ಊರಿಗೆ ತಿಳಿಸದಿದ್ದರೆ ಊರಬಾಗಿಲಿಗೆ ಮೇಣದಬತ್ತಿ ಹಿಡಿದು ಎದುರುಗೊಳ್ಳಲು ಯಾರು ಬರುತ್ತಾರೆ? ಬೇರೆಯವರ ಮನೆಯ ಶಿಲುಬೆತಾಯಂದಿರನ್ನೆಲ್ಲ ಇಷ್ಟು ವರ್ಷ ಕೂಗಿದವಳು ನಾನು. ನನ್ನ ಮನೆಯವಳ ಹೆಸರು ಕೂಗುವುದು ಇದೇ ಮೊದಲು. ಎರಡು ಲೋಟ ನೀರು ಕುಡಿದು ಗುಂಡಿ ಒತ್ತಿದೆ.

"ಊರಿನವರೇ ಕೇಳಿ! ದಿವಂಗತ ದೋನ್ಯಾ ನಿಕಾನೋರಾ ಅವರ ವರ್ಷದ ಪೂಜೆ ಡಿಸೆಂಬರ್ ಹದಿನಾರಕ್ಕೆ. ಶಿಲುಬೆತಾಯಿ ಅವರ ಕಿರೀ ಮಗಳು ಎಲ್ವಿರಾ. ಹೂಸ್ಟನ್ನಿಂದ ಹದಿನಾಲ್ಕನೇ ತಾರೀಖು, ಸ್ವಂತ ಕೆಂಪು ಗಾಡೀಲಿ ಶಿಲುಬೆ ತರ್ತಾಳೆ. ಎಲ್ರೂ ಬನ್ನಿ, ತಮಾಲೆ ಇದೆ, ಬಿಸಿ ಚಾಕಲೇಟ್ ಇದೆ, ಬ್ಯಾಂಡ್ ಇದೆ!"

ಎರಡು ಸಲ ಹೇಳಿದೆ. ಎರಡನೇ ಸಲ "ಸ್ವಂತ" ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದೆ, ಸುಳ್ಳೇಕೆ. ಎದುರುಮನೆಯ ಲಿಬ್ರಾದಾ ಕಿಟಕಿಯಿಂದಲೇ ಕೂಗಿದಳು: "ಏನಮ್ಮಾ ಚೆಂಚಾ, ತಂಗಿ ಹೆಸರು ಬಾಯಿಗೆ ಬಂತಲ್ಲ ಕೊನೆಗೂ! ನಿನ್ ನಾಲಿಗೆ ಸುಟ್ಟಿಲ್ಲ ತಾನೇ?" ತಮಾಲೆ ಮಾರುವ ಎನೆದಿನಾ ಮುನ್ನೂರು ತಮಾಲೆ ತಾನೇ ಮಾಡಿಕೊಡುತ್ತೇನೆ ಎಂದಳು. ಅಮ್ಮನ ಮಂಚಕ್ಕೆ ಹೊಸ ಹಾಸು ಹಾಕಿದ್ದೇನೆ, ನೀನು ಅಲ್ಲೇ ಮಲಗು.

ನಿನ್ನನ್ನು ನೋಡಬೇಕು ಕಣೇ. ಬೈಯುವುದಿದ್ದರೆ ಎದುರಿಗೆ ಕೂತು ಬೈ.

ಚೆಂಚಾ


ಸಾನ್ ರೊಮಾನ್
ನವೆಂಬರ್ 28

ಎಲ್ವಿರಾ,

ಈ ಸಲ ಬರಬೇಡ. ಧೂಳು ತುಂಬಾ ಇದೆ. ಹೋದ ವಾರಕ್ಕಿಂತ ಈ ವಾರ ಹೆಚ್ಚು. ಪೂಜೆಯನ್ನು ಮನೆಯ ಮಟ್ಟಿಗೆ ಮುಗಿಸುತ್ತೇನೆ. ಶಿಲುಬೆ ಈಸ್ಟರಿಗೆ ಆದರೂ ಆದೀತು, ಮುಂದಿನ ವರ್ಷಕ್ಕಾದರೂ ಆದೀತು. ಅಮ್ಮನಿಗೇನು ಅವಸರ?

ಕಾರಣ ಕೇಳಬೇಡ. ಫೋನ್ ಮಾಡಬೇಡ. ಊರಿನ ಯಾರಿಗೂ ಫೋನ್ ಮಾಡಬೇಡ. ನಿನ್ನ ಗಾಡಿಯ ವಿಷಯ ಯಾರ ಹತ್ತಿರವೂ ಆಡಬೇಡ.

ಕ್ರೆಸೆನ್ಸಿಯಾ


ಹೂಸ್ಟನ್
ಡಿಸೆಂಬರ್ 3

ಕ್ರೆಸೆನ್ಸಿಯಾ,

ಹತ್ತು ದಿನ. ನಿನ್ನ "ಬಾ" ಎನ್ನುವುದರ ಆಯಸ್ಸು ಹತ್ತೇ ದಿನ.

ಹತ್ತೊಂಬತ್ತನೇ ತಾರೀಖೇ ಲಿಬ್ರಾದಾ ಫೋನ್ ಮಾಡಿ ಹೇಳಿದಳು, ನೀನು ಮೈಕಿನಲ್ಲಿ ನನ್ನ ಹೆಸರು ಕೂಗುವಾಗ ದನಿ ನಡುಗಿತಂತೆ. ಅದನ್ನು ಕೇಳಿ ನಾನು ಬೇಕರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ: ನಮ್ಮಕ್ಕ ಕರೆದಳು, ನಮ್ಮಕ್ಕ ಕರೆದಳು. ಈಗ ಧೂಳು ಜಾಸ್ತಿಯಂತೆ! ಧೂಳು ಯಾವತ್ತು ಕಡಿಮೆ ಇತ್ತು? ಅಕ್ಟೋಬರಿನಲ್ಲಿ ಇರಲಿಲ್ಲವೇ? ನವೆಂಬರ್ ಹದಿನೆಂಟಕ್ಕೆ ಇರಲಿಲ್ಲವೇ? ನನ್ನ ಜೊತೆ ಇನ್ನೂ ಹನ್ನೊಂದು ಗಾಡಿ ಬರುತ್ತಿವೆ, ಅವರ ಅಕ್ಕಂದಿರು ಯಾರೂ "ಬರಬೇಡ" ಎಂದು ಬರೆದಿಲ್ಲ.

ನನಗೆ ಗೊತ್ತು ಏನಾಯಿತೆಂದು. ಹೇಳುವಾಗ ಹೇಳಿಬಿಟ್ಟೆ, ಆಮೇಲೆ ಮನಸ್ಸು ತಡೆಯಲಿಲ್ಲ. ಊರಿನವರೆಲ್ಲ ಬ್ಯಾಂಡು ಬಾರಿಸಿಕೊಂಡು ನನ್ನನ್ನು ಎದುರುಗೊಳ್ಳುವುದು, ಇಷ್ಟು ವರ್ಷ ಅಮ್ಮನ ಸೇವೆ ಮಾಡಿದ ನೀನು ಮೂಲೆಯಲ್ಲಿ ನಿಂತು ನೋಡುವುದು. ಹೊಟ್ಟೆಯುರಿ ಅಂತಾರೆ ಅದಕ್ಕೆ.

ದಾರಿ ಕೆಟ್ಟಿದೆ ಎಂದು ಸಾವಿರ ಸಲ ಬರೆ, ನಾನು ಬಂದೇ ಬರುತ್ತೇನೆ. ಹೆದರಿಸಿ ನನ್ನನ್ನು ನಿಲ್ಲಿಸಲು ಆ ಹೊಳೆಗೇ ಆಗಲಿಲ್ಲ. ನಾನು ನಿಲ್ಲಬೇಕಾದರೆ ಒಂದೇ ದಾರಿ: "ನೀನು ನನಗೆ ಬೇಡ" ಎಂದು ನಿನ್ನ ಕೈಯಾರೆ ಬರೆ. ಅಷ್ಟು ಧೈರ್ಯವಿದ್ದರೆ ಬರೆ. ಇಲ್ಲದಿದ್ದರೆ ಹದಿನಾಲ್ಕನೇ ತಾರೀಖು ಮಧ್ಯಾಹ್ನ ಬಾಗಿಲು ತೆಗೆದಿಟ್ಟಿರು.

ಎಲ್ವಿರಾ


ಸಾನ್ ರೊಮಾನ್
ಡಿಸೆಂಬರ್ 8

ನನ್ನ ವಿರಾ,

ಮಾದ್ರೆ ಎದುವಿಹೆಸ್ ನಾಡಿದ್ದು ಕಣ್ಣಿನ ತಪಾಸಣೆಗೆ ಹೂಸ್ಟನ್ನಿಗೆ ಹೊರಡುತ್ತಾರೆ. ಅವರ ಕೈಲಿ ಕಳಿಸುವ ಕಾಗದ ಇದು, ಆದ್ದರಿಂದ ಎಲ್ಲ ಬಿಚ್ಚಿ ಬರೆಯುತ್ತೇನೆ. ಕೂತು ಓದು.

ತಪ್ಪು ನನ್ನದು. ಮೈಕಿನಲ್ಲಿ ಕೂಗಿದ್ದು ಊರಿಗೆ ಕೇಳಲಿ ಎಂದು. ಊರಿನಲ್ಲಿ ಆ ಧೂಳಿನವರೂ ಇದ್ದಾರೆ ಎಂಬುದು ಆ ಹೊತ್ತಿಗೆ ನನ್ನ ತಲೆಗೇ ಬರಲಿಲ್ಲ. ಯಾರು, ಯಾವ ದಿನ, ಯಾವ ಊರಿಂದ, ಯಾವ ಬಣ್ಣದ ಗಾಡಿ, ಎಲ್ಲವನ್ನೂ ನಾನೇ ಒದರಿದೆ, ಅದೂ ಎರಡೆರಡು ಸಲ. ಬೇರೆಯವರು ಕದ್ದು ತಿಳಿದುಕೊಳ್ಳಬೇಕಾದ್ದನ್ನು ನಾನು ಬ್ಯಾಂಡು, ಚಾಕಲೇಟಿನ ಜೊತೆ ಕೊಟ್ಟೆ.

ಇಪ್ಪತ್ತಾರನೇ ತಾರೀಖು ರಮಿರೊ ಮನೆಗೆ ಬಂದ. ತಮಾಲೆ ಮಾರುವ ಎನೆದಿನಾಳ ಮಗ, ನೀನು ಹೋಗುವಾಗ ಅವನಿಗೆ ಎಂಟೋ ಒಂಬತ್ತೋ ವರ್ಷ. ಈಗ ಊರಬಾಗಿಲ ಪೆಟ್ರೋಲ್ ಬಂಕಿನ ಎದುರು ವೈರ್‌ಲೆಸ್ ಹಿಡಿದು ಕೂರುತ್ತಾನೆ, ಒಳಗೆ ಬರುವ ಹೊರಗೆ ಹೋಗುವ ಗಾಡಿಗಳ ಲೆಕ್ಕ ಅವರಿಗೆ ಹೇಳುವುದು ಅವನೇ. ಊರಿಗೆಲ್ಲ ಗೊತ್ತು. ಅವನ ತಾಯಿಗೂ ಗೊತ್ತು. ಒಳಗೆ ಬಂದವನು ನನ್ನನ್ನು ಕೇಳದೆ ಅಮ್ಮನ ಕುರ್ಚಿಯಲ್ಲಿ ಕೂತ.

"ದೊಡ್ಡಮ್ಮ, ನಮ್ಮವ್ವನ ಹುಟ್ಟಿದಬ್ಬ. ಒಂದು ಹಾಡು ಹಾಕ್ಬಿಡಿ ಮೈಕಲ್ಲಿ."

"ಹಾಕೋಣಪ್ಪ. ಯಾವ ಹಾಡು?"

"ನಿಮ್ಗೆ ತೋಚಿದ್ದು. ಎಲ್ವಿರಾ ಚಿಕ್ಕಮ್ಮ ಬರ್ತಾರಂತಲ್ಲ. ಹದ್ನಾಲ್ಕೇ ತಾನೇ?"

"ಇನ್ನೂ ನಿಶ್ಚಯ ಇಲ್ಲಪ್ಪ."

"ನೀವೇ ಕೂಗಿದ್ರಲ್ಲ. ಕೆಂಪು ಗಾಡಿ ಅಂದ್ರಿ. ಯಾವ ಕಂಪ್ನಿದು?"

"ನಂಗೇನು ಗೊತ್ತು ಅದೆಲ್ಲ? ಹಳೇ ಡಬ್ಬ ಇರ್ಬೇಕು."

"ಆಚೆ ಕಡೆಯಿಂದ ಡಬ್ಬ ಯಾರು ತರ್ತಾರೆ ದೊಡ್ಡಮ್ಮ!" ಎಂದು ನಕ್ಕ. "ಕೆಂಪು ಒಳ್ಳೇದು. ದೂರದಿಂದ್ಲೇ ಗೊತ್ತಾಗುತ್ತೆ."

"ಯಾಕಪ್ಪಾ ಕೇಳ್ತಿದೀಯ?"

"ಸುಮ್ನೆ. ಊರಿಗೆ ಬರೋರನ್ನ ಎದುರುಗೊಳ್ಳೋದು ಬೇಡ್ವಾ? ಒಬ್ರೇ ಬರೋದಾ? ಗಂಡ ತೀರ್ಕೊಂಡ್ರು ಅಲ್ವಾ ಅವ್ರಿಗೆ?"

ಎದ್ದು ಹೋಗುವಾಗ ನನ್ನ ಕಾಲು ಮುಟ್ಟುವಷ್ಟು ಬಗ್ಗಿ ಕೈಗೆ ಮುತ್ತು ಕೊಟ್ಟ. ಅವನು ಹೋದ ಮೇಲೆ ಕೈ ತೊಳೆದುಕೊಂಡೆ, ಆಮೇಲೆ ಹಾಡು ಹಾಕಿದೆ. ಹಾಕದೆ ಇರುವುದಕ್ಕಾಗುತ್ತದೆಯೇ?

ಆಗಲೇ ನಿನಗೆ "ಧೂಳು" ಎಂದು ಬರೆದದ್ದು. ಅಬುಂದಿಯೋನ ಕೈಲಿ ಅದಕ್ಕಿಂತ ಹೆಚ್ಚು ಬರೆಯುವಂತಿರಲಿಲ್ಲ.

ಆಮೇಲೆ ಈ ಶನಿವಾರ ನಡೆದದ್ದು ಕೇಳು. ಬಲ್ದೊಮೆರೊ ನೆನಪಿದೆಯೇ, ಇಟ್ಟಿಗೆಗೂಡಿನವರ ಹುಡುಗ? ಡಲ್ಲಾಸಿನಿಂದ ಹೆಂಡತಿಯ ಜೊತೆ ಬರುತ್ತಿದ್ದ. ಅವನೂ ಸಾಲಿನಲ್ಲೇ ಇದ್ದ, ಐದು ಗಾಡಿ, ಇವನದು ಕೊನೆಯದು. ನಡುವೆ ಟೈರು ಪಂಕ್ಚರ್ ಆಯಿತಂತೆ. ಮುಂದಿನ ನಾಲ್ವರು ಸ್ವಲ್ಪ ದೂರ ಹೋಗಿ ಕಾದರು, ಇನ್ನೂ ಸ್ವಲ್ಪ ಕಾದರು, ಆಮೇಲೆ ಹೊರಟರು. ಅವರನ್ನು ನಾನು ದೂರುವುದಿಲ್ಲ, ಅವರ ಗಾಡಿಯಲ್ಲಿ ಮಕ್ಕಳಿದ್ದವು. ಮೂರು ದಿನದ ಮೇಲೆ ಬಲ್ದೊಮೆರೊನ ಬೆಳ್ಳಿ ಬಣ್ಣದ ಗಾಡಿ ನಮ್ಮ ಚೌಕಕ್ಕೆ ಬಂತು. ಟೆಕ್ಸಾಸಿನ ನಂಬರ್ ಪ್ಲೇಟು ಹಾಗೆಯೇ ಇತ್ತು, ಮುಂದೆ ಹಬ್ಬಕ್ಕೆಂದು ಕಟ್ಟಿದ್ದ ರಿಬ್ಬನ್ನೂ ಹಾಗೆಯೇ ಇತ್ತು. ಓಡಿಸುತ್ತಿದ್ದವನು ರಮಿರೊ. ಚೌಕವನ್ನು ಮೂರು ಸುತ್ತು ಸುತ್ತಿದ. ಬಲ್ದೊಮೆರೊನ ತಾಯಿ ಚರ್ಚಿನ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಯಾರೂ ಏನೂ ಅನ್ನಲಿಲ್ಲ. ಅವಳು ಸುಲಿಯುತ್ತಲೇ ಇದ್ದಳು.

ಇನ್ನು ಆ ಫೋನಿನ ವಿಷಯ. ಅದನ್ನೂ ಹೇಳಿಬಿಡುತ್ತೇನೆ. ಕೊನೆಯ ಮೂರು ದಿನ ಅಮ್ಮ ನಿನ್ನ ಹೆಸರನ್ನೇ ಹೇಳಿದಳು. "ವಿರಾ, ವಿರಾ." ಬಾಯಿಗೆ ನೀರು ಬಿಡುತ್ತಿದ್ದವಳು ನಾನು, ಅವಳು ನನ್ನ ಕೈ ಹಿಡಿದು ನನ್ನನ್ನೇ ವಿರಾ ಎಂದು ಕರೆದಳು. "ಬಂದ್ಯಾ ವಿರಾ?" ಎಂದಳು. ನಾನು "ಬಂದೆ ಅಮ್ಮ" ಎಂದೆ. ಇಪ್ಪತ್ತೆರಡು ವರ್ಷ ಮೈ ತೊಳೆದ ನನ್ನ ಹೆಸರು ಅವಳಿಗೆ ಕೊನೆಗೆ ನೆನಪಿರಲಿಲ್ಲ. ಹೊಟ್ಟೆ ಉರಿಯಿತು ಕಣೇ, ನೀನು ಬರೆದದ್ದು ಸುಳ್ಳಲ್ಲ. ನೀನು ಮುಖ ತೋರಿಸು ಎಂದು ಅಳುವಾಗ, ಕೊನೇ ಪಕ್ಷ ಮುಖವಾದರೂ ನನಗೊಬ್ಬಳಿಗೇ ಇರಲಿ ಅನ್ನಿಸಿತು. ಕಟ್ ಮಾಡಿದೆ. ಅವತ್ತಿನಿಂದ ಒಂದು ದಿನವೂ ಅದನ್ನು ಮರೆತಿಲ್ಲ. ನನ್ನನ್ನು ಕ್ಷಮಿಸು.

ಇಷ್ಟು ಬರೆದು ಶಾಲಿನಲ್ಲಿ ಮೂಗು ಒರೆಸಿಕೊಂಡು ಮೊದಲಿನಿಂದ ಓದಿದೆ. ಮನಸ್ಸು ಹಗುರವಾಗಿತ್ತು. ಆಮೇಲೆ ನೀನು ಇದನ್ನು ಓದುವುದನ್ನು ನೆನೆಸಿಕೊಂಡೆ.

ಅಮ್ಮ ಮೂರು ದಿನ ನಿನ್ನನ್ನು ಕರೆದಳು ಎಂದು ಓದಿದವಳು ನೀನು ಅಲ್ಲಿ ಕೂರುತ್ತೀಯಾ? ಅಕ್ಕ ಕ್ಷಮೆ ಕೇಳಿದಳು ಎಂದು ಓದಿದವಳು? ಹದಿನಾಲ್ಕರವರೆಗೂ ಕಾಯುವುದಿಲ್ಲ ನೀನು. ಸಾಲೂ ಬೇಡ ಏನೂ ಬೇಡ ಎಂದು ಒಬ್ಬಳೇ ಗಾಡಿ ಹತ್ತುತ್ತೀಯ. ರಮಿರೊನ ವಿಷಯ ಓದಿ ಎನೆದಿನಾಗೆ ಫೋನ್ ಹಾಕಿ "ನಿನ್ನ ಮಗನ ಕಿವಿ ಹಿಂಡೇ" ಎನ್ನುತ್ತೀಯ. ಗಾಡಿಗೆ ಬೇರೆ ಬಣ್ಣ ಬಳಿಸಿಕೊಂಡು ಬರುತ್ತೇನೆ, ಮೀಸೆ ಅಂಟಿಸಿಕೊಂಡು ಬರುತ್ತೇನೆ ಎನ್ನುತ್ತೀಯ. ನಿನ್ನನ್ನು ನಾನು ಎತ್ತಿ ಆಡಿಸಿದ್ದೇನೆ, ನನಗೆ ಗೊತ್ತು. ಈ ಕಾಗದದಲ್ಲಿರುವ ಒಂದೊಂದು ಮಾತೂ ನಿನ್ನನ್ನು ಇಲ್ಲಿಗೆ ಎಳೆಯುತ್ತದೆ.

ನೀನು ನಿಲ್ಲುವ ದಾರಿ ಯಾವುದೆಂದು ನೀನೇ ಬರೆದಿದ್ದೀಯ.

ಇದನ್ನು ಕಳಿಸುವುದಿಲ್ಲ. ಬೇರೆ ಬರೆಯುತ್ತೇನೆ.

ನಿನ್ನ ಚೆಂಚಾ


ಸಾನ್ ರೊಮಾನ್
ಡಿಸೆಂಬರ್ 9

ಎಲ್ವಿರಾ,

ನೀನು ಕೇಳಿದ್ದನ್ನು ಬರೆಯುತ್ತಿದ್ದೇನೆ. ನೀನು ನನಗೆ ಬೇಡ.

ಊರಿಗೂ ತಿಳಿಸಿಯಾಯಿತು. ಇವತ್ತು ಬೆಳಿಗ್ಗೆ ಮೈಕಿನಲ್ಲಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಲಿಬ್ರಾದಾ ಉಪ್ಪುಖಾರ ಹಚ್ಚಿ ಹೇಳುವ ಮುಂಚೆ ನನ್ನಿಂದಲೇ ಕೇಳು:

"ಊರಿನವರೇ ಕೇಳಿ. ನನ್ ತಂಗಿ ಎಲ್ವಿರಾ ಹದ್ನಾಲ್ಕಕ್ಕೆ ಬರಲ್ಲ. ಯಾವತ್ತೂ ಬರಲ್ಲ. ಶಿಲುಬೆತಾಯಿ ಅವ್ಳಲ್ಲ, ನಾನೇ ಬೇಡ ಅಂದಿದೀನಿ. ಅಮ್ಮ ಸಾಯೋವಾಗ ಇಲ್ದೋಳು ಈಗ ಕಬ್ಣ ತಂದು ಮೆರೆಯೋದು ಬೇಡ. ಬಂದ್ರೂ ಈ ಮನೆ ಬಾಗ್ಲು ತೆಗೆಯಲ್ಲ. ಅವ್ಳನ್ನ ಎದುರುಗೊಳ್ಳೋಕೆ ಯಾರೂ ಹೋಗ್ಬೇಡಿ, ಯಾರೂ ಕಾಯ್ಬೇಡಿ."

ಮೂರು ಸಲ ಹೇಳಿದೆ. ಊರಬಾಗಿಲವರೆಗೂ ಕೇಳಿಸಿದೆ. ಪಾದ್ರಿ ಬಂದು ಬೈದು ಹೋದರು. ಬೈಯಲಿ.

ಇನ್ನೊಂದು ಮಾತು. ಅಮ್ಮ ಕೊನೆಗೆ ನಿನ್ನ ಹೆಸರು ಎತ್ತಲಿಲ್ಲ. ಒಂದು ಸಲವೂ ಇಲ್ಲ. ನೀನು ಅದನ್ನೇ ಕೇಳಲು ಬರುತ್ತಿದ್ದರೆ, ಇಲ್ಲಿ ಕೇಳುವಂಥದ್ದು ಏನೂ ಇಲ್ಲ.

ಕ್ರೆಸೆನ್ಸಿಯಾ


ಹೂಸ್ಟನ್
ಡಿಸೆಂಬರ್ 18

ಕ್ರೆಸೆನ್ಸಿಯಾ,

ಮಾದ್ರೆ ಎದುವಿಹೆಸ್ ಕಾಗದ ಕೊಟ್ಟು ನಾನು ಓದುವವರೆಗೂ ಎದುರಿಗೇ ಕೂತಿದ್ದರು. ಓದಿದ ಮೇಲೆ ನನಗೆ ಒಂದು ಲೋಟ ನೀರು ಕೊಟ್ಟರು.

ನಾನು ಬರಲಿಲ್ಲ. ನಿನಗೆ ತೃಪ್ತಿಯಾಯಿತೇ? ಹದಿನಾಲ್ಕಕ್ಕೆ ದೋನ್ ಎಲಿಹಿಯೋನ ಸಾಲು ನನ್ನ ಬಿಟ್ಟು ಹೊರಟಿತು. ಹನ್ನೊಂದು ಗಾಡಿ. ಎಲ್ಲವೂ ಮಧ್ಯಾಹ್ನದ ಊಟದ ಹೊತ್ತಿಗೆ ಕ್ಷೇಮವಾಗಿ ತಲುಪಿದವಂತೆ, ಒಂದು ಮೊಳೆಯೂ ಕಳೆದಿಲ್ಲವಂತೆ. ಎಲ್ಲಿತ್ತು ನಿನ್ನ ಧೂಳು?

ದೋನ್ ಎಲಿಹಿಯೋ ಫೋನ್ ಮಾಡಿದ್ದರು. ನಿಮ್ಮೂರಿಗೆ ಮುಕ್ಕಾಲು ಗಂಟೆ ದಾರಿ ಇರುವಾಗ ಯಾರೋ ನಾಲ್ಕೈದು ಜನ ಕೈ ಅಡ್ಡ ಹಿಡಿದು ನಿಲ್ಲಿಸಿದರಂತೆ. ಬಹಳ ಮರ್ಯಾದೆಯ ಜನವಂತೆ. ಏನೂ ಮುಟ್ಟಲಿಲ್ಲ, ಚೀಲ ಬಿಚ್ಚಿಸಲಿಲ್ಲ. ಸಾಲಿನ ಒಂದೊಂದೇ ಗಾಡಿಯ ಪಕ್ಕ ನಡೆದುಕೊಂಡು ಹೋಗಿ ನೋಡಿದರಂತೆ. ಆಮೇಲೆ ಕೇಳಿದ್ದು ಒಂದೇ ಮಾತು: "ಶಿಲುಬೆ ತರೋ ಅಮ್ಮ ಎಲ್ಲಿ? ಕೆಂಪು ಗಾಡಿಯೋರು?" ಬಂದಿಲ್ಲ ಎಂದರೆ ನಂಬದೆ ಎರಡೆರಡು ಸಲ ಕೇಳಿದರಂತೆ. "ಅಕ್ಕ ಹೇಳಿದ್ದು ನಿಜಾನೇ ಹಾಗಾದ್ರೆ" ಎಂದು ಬಿಟ್ಟುಬಿಟ್ಟರಂತೆ.

ದಾರಿಯಲ್ಲಿ ಹೋಗುವ ಅಪರಿಚಿತರು ನನ್ನನ್ನು ನೆನೆಸಿಕೊಂಡು ಕೇಳಿದರು, ಕ್ರೆಸೆನ್ಸಿಯಾ. ಅವರಿಗಿರುವಷ್ಟು ಕರುಳು ನಿನಗಿಲ್ಲ.

ನೀನು ಊರಿನ ಎದುರು ನನ್ನ ಮಾನ ಕಳೆದೆ, ಅದನ್ನು ತಡೆದುಕೊಂಡೇನು. ಅಮ್ಮ ನನ್ನ ಹೆಸರು ಎತ್ತಲಿಲ್ಲ ಎಂದೆಯಲ್ಲ, ಅದು ನಿಜವಾದರೆ ಅದನ್ನು ನುಂಗಿಕೊಂಡು ಸುಮ್ಮನಿರುವುದು ಅಕ್ಕನಾದವಳ ಕೆಲಸವಾಗಿತ್ತು. ಸುಳ್ಳಾದರೆ ನೀನು ಮನುಷ್ಯಳೇ ಅಲ್ಲ. ಹದಿನಾರಕ್ಕೆ ಪೂಜೆಯ ಹೊತ್ತಿಗೆ ನಾನು ಇಲ್ಲಿ ಒಲೆಯ ಮುಂದೆ ರೊಟ್ಟಿ ತೆಗೆಯುತ್ತಿದ್ದೆ, ಕೈ ಸುಟ್ಟುಕೊಂಡೆ. ನಿನ್ನ ಮುಖ ನೆನೆಸಿಕೊಂಡು ಎಷ್ಟು ಬೈದೆನೆಂದರೆ ಪಕ್ಕದವಳು ಹೆದರಿ ದೂರ ಹೋದಳು. ನೀನು ಸತ್ತರೆ ಮಣ್ಣು ಹಾಕಲೂ ಬರುವುದಿಲ್ಲ. ನನಗೆ ಅಕ್ಕ ಇಲ್ಲ.

ಎಲ್ವಿರಾ


ಸಾನ್ ರೊಮಾನ್
ಡಿಸೆಂಬರ್ 27

ಎಲ್ವಿರಾ,

ನಿನ್ನ ಕಾಗದ ಬಂತು. ಅಕ್ಷರ ನಿನ್ನದೇ. ಮೇಲೆ ಹೂಸ್ಟನ್, ಡಿಸೆಂಬರ್ ಹದಿನೆಂಟು ಎಂದು ನಿನ್ನ ಕೈಯಲ್ಲೇ ಬರೆದಿದ್ದೀಯ. ಅದನ್ನು ಬಹಳ ಸಲ ಓದಿದೆ.

ಸುಟ್ಟ ಕೈಗೆ ಏನು ಹಚ್ಚಿದೆ?

ಇನ್ನೂ ಬೈಯುವುದಿದ್ದರೆ ಬರೆ. ಪ್ರತಿವಾರ ಬರೆ.

ಕ್ರೆಸೆನ್ಸಿಯಾ